ಏವನ್ ಹೊಳೆಯ ಎರಡು ದಡ: ಇಂಗ್ಲಿಷ್ ಸಾಹಿತ್ಯದೊಡನೆ ಕೆಲ್ಟಿಕ್ ಮತ್ತು ಆಂಗ್ಲೋ-ಸ್ಯಾಕ್ಸನ್ ಅಧ್ಯಯನ

ಷೇಕ್ಸ್‌ಪಿಯರ್ ಹುಟ್ಟಿದ ಊರಿನ ಹೆಸರಾದ ಸ್ಟ್ರಾಟ್‌ಫರ್ಡ್-ಅಪಾನ್-ಏವನ್ ಎಂಬುದನ್ನು ಬಿಡಿಸಿ ನೋಡಿದರೆ ಅದರೊಳಗೆ ಮೂರು ನುಡಿಗಳು ಒಂದರ ಮೇಲೊಂದು ಪದರವಾಗಿ ಕುಳಿತಿರುವುದು ಕಾಣುತ್ತದೆ. ಮೊದಲಿನ 'ಸ್ಟ್ರಾಟ್' ಎಂಬುದು ರೋಮನ್ನರು ಹಾಸಿದ ಕಲ್ಲುದಾರಿಯನ್ನು ಹೇಳುವ ಲ್ಯಾಟಿನ್ ಮಾತಿನಿಂದ ಹಳೆಯ ಇಂಗ್ಲಿಷಿಗೆ ಇಳಿದು ಬಂದದ್ದು. 'ಫರ್ಡ್' ಎಂಬುದು ಕಾಲ್ನಡಿಗೆಯಲ್ಲೇ ಹೊಳೆ ಹಾಯುವ ಜಾಗಕ್ಕೆ ಆಂಗ್ಲರು ಬಳಸುತ್ತಿದ್ದ ಅಚ್ಚ ಇಂಗ್ಲಿಷ್ ಮಾತು. 'ಏವನ್' ಎಂಬುದಾದರೋ ಆಂಗ್ಲರು ಆ ನೆಲಕ್ಕೆ ಕಾಲಿಡುವ ಮೊದಲೇ ಅಲ್ಲಿ ನೆಲೆಸಿದ್ದ ಬ್ರಿಟನ್ನರ ಕೆಲ್ಟಿಕ್ ನುಡಿಯದು, ಅದರ ಅರ್ಥ ಬರಿಯ 'ಹೊಳೆ'. ಇಂದಿನ ವೆಲ್ಷ್ ಭಾಷೆಯಲ್ಲಿಯೂ ಹೊಳೆಗೆ ಅದೇ ಮಾತಿದೆ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ಜನದ ರೂಢನಾಮ ಇನ್ನೊಂದು ಜನದ ಬಾಯಲ್ಲಿ ಅಂಕಿತನಾಮವಾಗಿ ನಿಂತಿದೆ. ಇಂಗ್ಲಿಷ್ ಸಾಹಿತ್ಯದ ಅತಿ ದೊಡ್ಡ ಹೆಸರಿನೊಡನೆ ಬೆಸೆದುಕೊಂಡಿರುವ ಊರೇ ಹೀಗಿರುವಾಗ, ಇಂಗ್ಲಿಷ್ ಸಾಹಿತ್ಯವನ್ನು ಇಂಗ್ಲಿಷಿನ ಒಳಗಿನಿಂದ ಮಾತ್ರವೇ ಪೂರ್ತಿಯಾಗಿ ತಿಳಿಯಬಹುದೆಂಬ ನಂಬಿಕೆ ಎಷ್ಟು ದೂರ ನಡೆದೀತು ಎಂಬುದೇ ಈ ಉಪನ್ಯಾಸದ ಪ್ರಶ್ನೆ.

ಮೊದಲು ಎರಡು ಹೆಸರುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 'ಕೆಲ್ಟಿಕ್' ಎಂಬುದು ಇಲ್ಲಿ ಮುಖ್ಯವಾಗಿ ಒಂದು ಭಾಷಾಕುಟುಂಬದ ಹೆಸರು. ಅದರಲ್ಲಿ ಐರಿಷ್, ಸ್ಕಾಟಿಷ್ ಗೇಲಿಕ್ ಮತ್ತು ಮ್ಯಾಂಕ್ಸ್ ಒಂದು ಕವಲು, ವೆಲ್ಷ್, ಕಾರ್ನಿಷ್ ಮತ್ತು ಬ್ರೆಟನ್ ಇನ್ನೊಂದು ಕವಲು. 'ಆಂಗ್ಲೋ-ಸ್ಯಾಕ್ಸನ್' ಎಂಬುದು ಐದನೆಯ ಶತಮಾನದಿಂದ ಉತ್ತರ ಸಮುದ್ರವನ್ನು ದಾಟಿ ಬ್ರಿಟನ್ನಿಗೆ ಬಂದು ನೆಲೆಸಿದ ಜರ್ಮಾನಿಕ್ ನುಡಿಯ ಜನರಿಗೂ, 1066ರ ನಾರ್ಮನ್ ವಿಜಯದವರೆಗಿನ ಅವರ ಸಂಸ್ಕೃತಿಗೂ ಬಳಕೆಯಾಗುತ್ತ ಬಂದ ಹೆಸರು. ಈ ಎರಡು ಹೆಸರುಗಳೂ ಇಂದು ನಿರ್ವಿವಾದವಾಗಿ ಉಳಿದಿಲ್ಲ. ಐರಿಷ್, ವೆಲ್ಷ್ ಮೊದಲಾದ ನುಡಿಗಳ ನಂಟನ್ನು ಎಡ್ವರ್ಡ್ ಲೂಯಿಡ್ 1707ರಲ್ಲಿ ವಿಸ್ತಾರವಾಗಿ ತೋರಿಸಿದ ಮೇಲೆಯೇ ಆ ಜನರನ್ನೆಲ್ಲ ಕೆಲ್ಟರೆಂದು ಕರೆಯುವುದು ಬಲವಾಗಿ ಬೇರೂರಿತೇ ಹೊರತು ಅವರ ಪೂರ್ವಿಕರು ತಮ್ಮನ್ನು ಹಾಗೆ ಕರೆದುಕೊಂಡವರಲ್ಲ. 'ಆಂಗ್ಲೋ-ಸ್ಯಾಕ್ಸನ್' ಎಂಬ ಮಾತಾದರೋ ಜನಾಂಗೀಯ ಹೆಮ್ಮೆಯ ಘೋಷಣೆಗಳಲ್ಲಿ ಸಿಕ್ಕಿಕೊಂಡ ಕಾರಣ, ಆ ವಿಷಯದ ಅಂತರರಾಷ್ಟ್ರೀಯ ವಿದ್ವತ್ ಸಂಘವೊಂದು 2019ರಲ್ಲಿ ತನ್ನ ಹೆಸರಿನಿಂದಲೇ ಅದನ್ನು ತೆಗೆದುಹಾಕಿತು. ಹೆಸರಿಡುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದಕ್ಕೆ ವೇಲ್ಸ್ ಎಂಬ ನಾಡಿನ ಹೆಸರೇ ಸಾಕು: ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಪದಕ್ಕೆ 'ಪರಕೀಯ' ಎಂದರ್ಥ. ಅಂದರೆ ಆಮೇಲೆ ಬಂದವರು ಮೊದಲಿದ್ದವರನ್ನೇ ಪರಕೀಯರೆಂದು ಕರೆದರು. ಆ ಜನ ತಮ್ಮನ್ನು ತಾವು ಕರೆದುಕೊಳ್ಳುವುದು 'ಕಮ್ರಿ' ಎಂದು, ಅದರ ಅರ್ಥ 'ಒಂದೇ ನಾಡಿನವರು'.

ಇಂಗ್ಲಿಷ್ ಕಾವ್ಯದ ಚರಿತ್ರೆ ಆರಂಭವಾಗುವ ಜಾಗದಲ್ಲಿಯೇ ಈ ನೆರೆಹೊರೆ ಎದುರಾಗುತ್ತದೆ. ಹೆಸರು ತಿಳಿದಿರುವ ಮೊದಲ ಇಂಗ್ಲಿಷ್ ಕವಿ ಏಳನೆಯ ಶತಮಾನದ ಕ್ಯಾಡ್ಮನ್. ಪಾದ್ರಿ ಬೀಡ್ 731ರಲ್ಲಿ ಮುಗಿಸಿದ ತನ್ನ ಲ್ಯಾಟಿನ್ ಚರಿತ್ರೆಯಲ್ಲಿ ಹೇಳುವಂತೆ, ವಿಟ್ಬಿಯ ಮಠದಲ್ಲಿ ದನ ಕಾಯುತ್ತಿದ್ದ ಈತ, ಔತಣದ ಹೊತ್ತಿನಲ್ಲಿ ಹಾಡುವ ಸರದಿ ತನ್ನ ಕಡೆಗೆ ಬರುತ್ತಿದೆಯೆಂದು ಕಂಡರೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ, ಅಲ್ಲಿ ಮಲಗಿದ್ದಾಗಲೇ ಕನಸಿನಲ್ಲಿ ಅವನಿಗೆ ಕಾವ್ಯ ಒಲಿಯಿತು. ಆದರೆ 'ಕ್ಯಾಡ್ಮನ್' ಎಂಬುದು ಇಂಗ್ಲಿಷ್ ಹೆಸರಲ್ಲ; ಅದು ಬ್ರಿಟನ್ನರ ಕೆಲ್ಟಿಕ್ ನುಡಿಯ ಹೆಸರು, ವೆಲ್ಷಿನಲ್ಲಿ ಅದೇ 'ಕಡ್ವನ್' ಎಂದಾಗಿದೆ. ಅವನು ಬ್ರಿಟನ್ ತಾಯಿಯ ಮಗನೋ, ಎರಡು ನುಡಿಯ ಮನೆಯವನೋ ಹೇಳಲಾಗದು, ಆದರೂ ಇಂಗ್ಲಿಷ್ ಕಾವ್ಯದ ಹೊಸ್ತಿಲಲ್ಲಿ ನಿಂತಿರುವವನ ಹೆಸರು ನೆರೆಮನೆಯದೆಂಬುದು ಖಚಿತ. ವಿಟ್ಬಿ ಸೇರಿದ್ದ ನಾರ್ಥಂಬ್ರಿಯ ರಾಜ್ಯಕ್ಕೆ 635ರಲ್ಲಿ ಐಯೋನ ದ್ವೀಪದ ಐರಿಷ್ ಮಠದಿಂದ ಏಡನ್ ಎಂಬ ಬಿಷಪ್ ಧರ್ಮಬೋಧೆಗೆ ಬಂದಾಗ ಅವನಿಗೆ ಇಂಗ್ಲಿಷ್ ಸರಿಯಾಗಿ ಬಾರದಿದ್ದುದರಿಂದ, ದೇಶಭ್ರಷ್ಟನಾಗಿದ್ದ ಕಾಲದಲ್ಲಿ ಐರಿಷ್ ಕಲಿತಿದ್ದ ದೊರೆ ಓಸ್ವಾಲ್ಡನೇ ತನ್ನ ಸರದಾರರಿಗೆ ಆ ಬೋಧೆಯನ್ನು ಸ್ವತಃ ಅನುವಾದಿಸಿ ಹೇಳುತ್ತಿದ್ದನೆಂದು ಬೀಡ್ ಬರೆಯುತ್ತಾನೆ. ದೊರೆಯೇ ದುಭಾಷಿಯಾಗಿ ನಿಂತ ಆ ಸಭೆ ಕಣ್ಣಿಗೆ ಕಟ್ಟುವಂಥದು. ಏಡನ್ ಸ್ಥಾಪಿಸಿದ ಲಿಂಡಿಸ್‌ಫಾರ್ನ್ ಮಠದಂತಹ ಕಡೆಗಳಲ್ಲಿ ಆಂಗ್ಲರು ಕಲಿತ ಬರವಣಿಗೆ ಐರಿಷ್ ಲಿಪಿಕಾರರ ಕೈಬರಹದ ಜಾಡಿನದು. ಹಳೆಯ ಇಂಗ್ಲಿಷ್ ಹಸ್ತಪ್ರತಿಗಳ ಅಕ್ಷರದ ಮಾಟವನ್ನು ಐರ್ಲೆಂಡಿನ ಹಸ್ತಪ್ರತಿಗಳ ಪಕ್ಕದಲ್ಲಿಟ್ಟು ನೋಡದೆ ವಿವರಿಸಲು ಬರುವುದಿಲ್ಲ.

ಇಂತಹ ಅಧ್ಯಯನದಲ್ಲಿ ಎಷ್ಟು ಬಗೆಯ ವಿದ್ಯೆಗಳು ಒಂದೇ ವಸ್ತುವಿನ ಸುತ್ತ ಕೂಡಬೇಕಾಗುತ್ತದೆ ಎಂಬುದನ್ನು ತಿಳಿಯಲು ರತ್ವೆಲ್ ಶಿಲುಬೆಗಿಂತ ಒಳ್ಳೆಯ ಉದಾಹರಣೆ ಸಿಗದು. ಇಂದಿನ ಸ್ಕಾಟ್ಲೆಂಡಿನ ಡಂಫ್ರೀಸ್ ಸೀಮೆಯ ರತ್ವೆಲ್ ಎಂಬ ಹಳ್ಳಿಯ ಚರ್ಚಿನೊಳಗೆ ಸುಮಾರು 18 ಅಡಿ ಎತ್ತರದ, ಎಂಟನೆಯ ಶತಮಾನದ್ದೆಂದು ಬಲ್ಲವರು ಹೇಳುವ ಕಲ್ಲಿನ ಶಿಲುಬೆಯೊಂದಿದೆ. ಅದರ ಅಗಲವಾದ ಎರಡು ಮುಖಗಳಲ್ಲಿ ಬೈಬಲಿನ ಪ್ರಸಂಗಗಳನ್ನು ಕೆತ್ತಿ ಸುತ್ತಲೂ ರೋಮನ್ ಅಕ್ಷರಗಳಲ್ಲಿ ಲ್ಯಾಟಿನ್ ಬರೆದಿದೆ. ಕಿರಿದಾದ ಎರಡು ಮಗ್ಗುಲುಗಳಲ್ಲಿ ಹಕ್ಕಿ ಮತ್ತು ಪ್ರಾಣಿಗಳು ಹಣ್ಣು ತಿನ್ನುತ್ತಿರುವ ಬಳ್ಳಿಯೊಂದು ಮೇಲಕ್ಕೆ ಹಬ್ಬಿದ್ದು, ಅದರ ಅಂಚಿನ ಪಟ್ಟಿಗಳ ಮೇಲೆ ರೂನ್ ಅಕ್ಷರಗಳಿವೆ. ರೂನ್ ಎಂದರೆ ಮರ ಅಥವಾ ಕಲ್ಲಿನಲ್ಲಿ ಕೊರೆಯಲು ಅನುಕೂಲವಾಗುವಂತೆ ನೇರ ಗೆರೆಗಳಿಂದ ರೂಪಿಸಿದ ಜರ್ಮಾನಿಕ್ ಜನರ ಹಳೆಯ ಲಿಪಿ. ಸ್ಕಾಟಿಷ್ ಚರ್ಚಿನ ಮಹಾಸಭೆ 1640ರ ದಶಕದ ಆರಂಭದಲ್ಲಿ ಇದನ್ನು ವಿಗ್ರಹಾರಾಧನೆಯ ಕುರುಹೆಂದು ತೀರ್ಮಾನಿಸಿದ್ದರಿಂದ ಶಿಲುಬೆಯನ್ನು ಉರುಳಿಸಿ ಒಡೆಯಲಾಯಿತು. ಅದರ ತುಂಡುಗಳನ್ನು 19ನೆಯ ಶತಮಾನದ ಆರಂಭದಲ್ಲಿ ಕೂಡಿಸಿ ಮತ್ತೆ ನಿಲ್ಲಿಸಿದವರು ಅಲ್ಲಿನ ಪಾದ್ರಿ ಹೆನ್ರಿ ಡಂಕನ್. 

ರೂನ್ ಅಕ್ಷರಗಳಲ್ಲಿರುವುದು ಹಳೆಯ ಇಂಗ್ಲಿಷ್ ಪದ್ಯವೆಂಬುದನ್ನು 1840ರಲ್ಲಿ ಜಾನ್ ಮಿಚೆಲ್ ಕೆಂಬಲ್ ಓದಿ ತೋರಿಸಿದ. ಇತ್ತ 1822ರಲ್ಲಿ ಉತ್ತರ ಇಟಲಿಯ ವರ್ಚೆಲ್ಲಿ ನಗರದ ಗ್ರಂಥಭಂಡಾರದಲ್ಲಿ ಹತ್ತನೆಯ ಶತಮಾನದ ಹಳೆಯ ಇಂಗ್ಲಿಷ್ ಹಸ್ತಪ್ರತಿಯೊಂದು ಬೆಳಕಿಗೆ ಬಂದಿತ್ತು. ಅದರಲ್ಲಿರುವ, ಇಂದು 'ಶಿಲುಬೆಯ ಕನಸು' ಎಂಬ ಅರ್ಥದ ಹೆಸರಿನಿಂದ ಕರೆಯುವ ಕಾವ್ಯದ ಸಾಲುಗಳೂ ಕಲ್ಲಿನ ಮೇಲಿನ ಸಾಲುಗಳೂ ಬಹುಮಟ್ಟಿಗೆ ಒಂದೇ ಎಂದು ತಿಳಿದಾಗ, ಆಲ್ಪ್ಸ್ ಪರ್ವತದ ಆಚೆಗಿನ ಚರ್ಮದ ಹಾಳೆಗೂ ಸ್ಕಾಟ್ಲೆಂಡಿನ ಕಲ್ಲಿಗೂ ಸಂಬಂಧ ಕೂಡಿತು. ಆ ಕಾವ್ಯದಲ್ಲಿ ಮಾತನಾಡುವುದು ಶಿಲುಬೆಯೇ: ಕಾಡಂಚಿನಲ್ಲಿ ಕಡಿದುರುಳಿಸಿದ ಮರವಾಗಿದ್ದ ತಾನು ಯೇಸುವಿನ ಮರಣಕ್ಕೆ ಸಾಧನವಾಗಬೇಕಾಗಿ ಬಂದ ಸಂಕಟವನ್ನು ಅದು ಉತ್ತಮ ಪುರುಷದಲ್ಲಿ ಹೇಳಿಕೊಳ್ಳುತ್ತದೆ. ಪುಸ್ತಕದಲ್ಲಿ ಓದುವಾಗ ಇದೊಂದು ಕಾವ್ಯತಂತ್ರವೆನಿಸಬಹುದು, ಆದರೆ ಮನುಷ್ಯನ ಮೂರಾಳೆತ್ತರ ನಿಂತ ಶಿಲುಬೆಯ ಮೈಮೇಲೆಯೇ ಆ ಮಾತುಗಳಿರುವುದನ್ನು ಕಂಡವರಿಗೆ ಕಲ್ಲೇ ಮಾತನಾಡಿದಂತಾಗುತ್ತದೆ. ಆ ನೆಲವಾದರೋ ಆಂಗ್ಲರ ಆಳ್ವಿಕೆಗೆ ಬರುವ ಮುಂಚೆ ಬ್ರಿಟನ್ನರ ನಾಡಾಗಿತ್ತು, ಐರಿಷ್ ಮಠಗಳ ಕಡಲದಾರಿಗೂ ಹತ್ತಿರವಾಗಿತ್ತು. ಇಂಗ್ಲಿಷ್ ಸಾಹಿತ್ಯದ ಪಠ್ಯಪುಸ್ತಕ ಈ ಕಾವ್ಯವನ್ನು ಮುದ್ರಿಸಿ ಕೆಳಗೆ ಅರ್ಥಕೋಶ ಕೊಟ್ಟು ಮುಗಿಸಿದರೆ ಶಿಲ್ಪ, ಲಿಪಿ, ನೆಲದ ಚರಿತ್ರೆ ಮೂರೂ ಕೈತಪ್ಪುತ್ತವೆ, ಉಳಿಯುವುದು ಕಾವ್ಯದ ಕಾಲು ಭಾಗ ಮಾತ್ರ.

ವೀರಕಾವ್ಯದಲ್ಲಿ ಈ ನೆರೆಹೊರೆಯ ಸ್ವರೂಪ ಬೇರೆ, ಅಲ್ಲಿ ಎದುರುಬದುರಾಗಿ ನಿಂತಿರುವುದು ಕತ್ತಿಗಳು. ಅನೈರಿನ್ ಎಂಬ ಕವಿಯದೆಂದು ಪರಂಪರೆ ಹೇಳುವ, 13ನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದುಬಂದಿರುವ 'ಗೊದೋದಿನ್' ಎಂಬ ವೆಲ್ಷ್ ಕಾವ್ಯ, ಇಂದಿನ ಎಡಿನ್‌ಬರೋ ಪ್ರದೇಶದಿಂದ ಸುಮಾರು ಕ್ರಿ.ಶ. 600ರ ಹೊತ್ತಿಗೆ ಕತ್ರೈಥ್ ಎಂಬಲ್ಲಿಗೆ ಆಂಗ್ಲರ ಮೇಲೆ ದಂಡೆತ್ತಿ ಹೋಗಿ ಮಡಿದ ಬ್ರಿಟನ್ ವೀರರ ಚರಮಗೀತೆಗಳ ಮಾಲೆ. ಆ ಕತ್ರೈಥನ್ನು ಯಾರ್ಕ್‌ಷೈರಿನ ಕ್ಯಾಟರಿಕ್ ಎಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ದೊರೆಯ ಮನೆಯಲ್ಲಿ ಉಂಡು, ಜೇನಿನಿಂದ ಮಾಡಿದ ಮೀಡ್ ಎಂಬ ಮದ್ಯವನ್ನು ಕುಡಿದು, ಅದರ ಬೆಲೆಯನ್ನು ಪ್ರಾಣದಿಂದ ತೆತ್ತರೆಂಬ ಮಾತು ಈ ಗೀತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 991ರಲ್ಲಿ ಎಸೆಕ್ಸಿನ ಮಾಲ್ಡನ್ ಬಳಿ ವೈಕಿಂಗರ ಎದುರು ಬಿದ್ದ ಬರ್ಟ್‌ನಾಥ್ ಎಂಬ ನಾಯಕನನ್ನು ಕುರಿತ ಹಳೆಯ ಇಂಗ್ಲಿಷ್ ಕಾವ್ಯದಲ್ಲಿಯೂ ಒಡೆಯ ಸತ್ತ ಮೇಲೆ ಹಿಂದಿರುಗದೆ ನಿಂತ ಬಂಟರು, ಮೀಡ್ ಕುಡಿಯುವಾಗ ತಾವು ಆಡಿದ ಮಾತನ್ನು ನೆನೆದುಕೊಂಡೇ ಸಾಯುತ್ತಾರೆ. ಕನ್ನಡದ ವೀರಗಲ್ಲುಗಳನ್ನು ಬಲ್ಲ ಓದುಗರಿಗೆ ಈ ಭಾವವನ್ನು ವಿವರಿಸಿ ಹೇಳಬೇಕಾಗಿಲ್ಲ. 'ಜೋಳವಾಳಿ' ಎಂಬ ಒಂದೇ ಮಾತಿನಲ್ಲಿ, ಉಂಡ ಜೋಳದ ಋಣವನ್ನು ರಣದಲ್ಲಿ ತೀರಿಸುವ ಧರ್ಮವನ್ನು ಕನ್ನಡ ಹಿಡಿದಿಟ್ಟಿದೆ. ಅಲ್ಲಿ ಮೀಡ್, ಇಲ್ಲಿ ಜೋಳ. ಒಂದರ ಪ್ರಭಾವ ಇನ್ನೊಂದರ ಮೇಲೆ ಆಯಿತೆಂದು ಯಾರೂ ಹೇಳಲಾರರು, ಹೇಳಬೇಕಾದ ಅಗತ್ಯವೂ ಇಲ್ಲ. ಆದರೆ ಮಾಲ್ಡನ್ ಕಾವ್ಯವೊಂದನ್ನೇ ಓದಿದ ವಿದ್ಯಾರ್ಥಿ ಈ ಸ್ವಾಮಿನಿಷ್ಠೆಯನ್ನು ಜರ್ಮಾನಿಕ್ ರಕ್ತದ ಗುಣವೆಂದು ನಂಬಿಬಿಡುವ ಅಪಾಯವಿದೆ, 19ನೆಯ ಶತಮಾನದ ಅನೇಕ ಪಂಡಿತರು ನಂಬಿದ್ದೂ ಹಾಗೆಯೇ. ಆಂಗ್ಲರ ಶತ್ರುಗಳಾದ ಬ್ರಿಟನ್ನರ ಹಾಡಿನಲ್ಲಿಯೂ ಅದೇ ನಿಷ್ಠೆ, ಅದೇ ಮೀಡ್ ಇರುವುದನ್ನು ಕಂಡಾಗ ಆ ನಂಬಿಕೆ ತಾನಾಗಿ ಕಳಚಿಬೀಳುತ್ತದೆ.

ವಿಶ್ವವಿದ್ಯಾನಿಲಯಗಳು ಈ ಎರಡನ್ನೂ ಒಟ್ಟಿಗೆ ನೋಡಲು ಬಹಳ ಕಾಲ ತೆಗೆದುಕೊಂಡವು. ಆಕ್ಸ್‌ಫರ್ಡಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಪೀಠಕ್ಕೆ ಮೊದಲ ಪ್ರಾಧ್ಯಾಪಕರು ಬಂದದ್ದು 1795ರಲ್ಲಿ. ಕೆಲ್ಟಿಕ್ ಪೀಠ ಆರಂಭವಾದದ್ದು 1877ರಲ್ಲಿ, ಜಾನ್ ರೀಸ್ ಅವರೊಡನೆ. ಈ ನಡುವೆ ಅಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದ ಮ್ಯಾಥ್ಯೂ ಆರ್ನಾಲ್ಡ್ 1867ರಲ್ಲಿ ಪ್ರಕಟಿಸಿದ ಕೆಲ್ಟಿಕ್ ಸಾಹಿತ್ಯದ ಅಧ್ಯಯನವನ್ನು ಕುರಿತ ಉಪನ್ಯಾಸಗಳು, ಅಂತಹ ಪೀಠ ಬೇಕೆಂಬ ವಾದವನ್ನು ಓದುಬಲ್ಲವರ ಮುಂದಿಟ್ಟವು. ಆರ್ನಾಲ್ಡನಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು, ಆದರೆ ಕೆಲ್ಟರೆಂದರೆ ಭಾವುಕರು, ಕನಸುಗಾರರು ಎಂಬ ಚಿತ್ರ ಜನಪ್ರಿಯವಾಗಲು ಅವನೂ ಕಾರಣನಾದ. ಅದಕ್ಕಿಂತ ಹೆಚ್ಚು ನೋಯಿಸುವ ಸಂಗತಿಯೆಂದರೆ, ವೆಲ್ಷಿನ ಹಳೆಯ ಸಾಹಿತ್ಯವನ್ನು ಮೆಚ್ಚಿದ ಅದೇ ಪುಸ್ತಕದಲ್ಲಿ, ದಿನಬಳಕೆಯ ಮಾತಾಗಿ ವೆಲ್ಷ್ ಬೇಗ ಮರೆಯಾದಷ್ಟೂ ಒಳ್ಳೆಯದೆಂಬ ಅಭಿಪ್ರಾಯವನ್ನೂ ಅವನು ಮುಂದಿಟ್ಟ. ನುಡಿಯ ಗ್ರಂಥವನ್ನು ಗೌರವಿಸಿ ಅದನ್ನಾಡುವ ಬಾಯನ್ನು ಬೇಡವೆನ್ನುವ ಈ ಬಗೆಯನ್ನು ಒಪ್ಪಲು ಸಾಧ್ಯವೇ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಎರಡನ್ನೂ ಒಟ್ಟಿಗೆ ನೋಡದ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಒಂದು ದತ್ತಿ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಬಂಗಾಳದಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿಯಾಗಿದ್ದ ಐರಿಷ್ ಮನುಷ್ಯ ಚಾರ್ಲ್ಸ್ ಜೇಮ್ಸ್ ಒಡಾನೆಲ್, ಇಂಗ್ಲಿಷ್ ಭಾಷೆಯಲ್ಲಿ ಮತ್ತು ಇಂಗ್ಲೆಂಡಿನ ಜನರಲ್ಲಿ ಇರುವ ಕೆಲ್ಟಿಕ್ ಅಂಶವನ್ನು ಕುರಿತು ಉಪನ್ಯಾಸಗಳು ನಡೆಯಲೆಂದು ಹಣ ಬಿಟ್ಟುಹೋದರು. ಆ ದತ್ತಿಯ ಆಕ್ಸ್‌ಫರ್ಡ್ ಉಪನ್ಯಾಸಗಳಲ್ಲಿ ಮೊದಲನೆಯದನ್ನು 1955ರ ಅಕ್ಟೋಬರ್ 21ರಂದು, ತಮ್ಮ ಮಹಾಕಾದಂಬರಿಯ ಕೊನೆಯ ಸಂಪುಟ ಹೊರಬಿದ್ದ ಮರುದಿನ, ಜೆ.ಆರ್.ಆರ್. ಟೋಲ್ಕಿನ್ 'ಇಂಗ್ಲಿಷ್ ಮತ್ತು ವೆಲ್ಷ್' ಎಂಬ ವಿಷಯವಾಗಿ ನೀಡಿದರು. ಅವರು ಎತ್ತಿ ತೋರಿಸಿದ ಒಂದು ಅಂಶ ಕನ್ನಡಿಗರಿಗೆ ಬಹಳ ಸುಲಭವಾಗಿ ತಿಳಿಯುವಂಥದು. ಹಳೆಯ ಇಂಗ್ಲಿಷಿನಲ್ಲಿ 'ಇರು' ಎಂಬ ಧಾತುವಿಗೆ ವರ್ತಮಾನದಲ್ಲಿ ಎರಡು ರೂಪಗಳಿದ್ದು, ಒಂದು ಈಗಿನ ಇರವನ್ನೂ ಇನ್ನೊಂದು ಯಾವಾಗಲೂ ಇರುವುದನ್ನು ಅಥವಾ ಮುಂದೆ ಆಗುವುದನ್ನೂ ಹೇಳುತ್ತಿದ್ದವು. ಕನ್ನಡದಲ್ಲಿ 'ಮಳೆ ಇದೆ' ಎಂಬುದಕ್ಕೂ 'ಆಷಾಢದಲ್ಲಿ ಮಳೆ ಇರುತ್ತದೆ' ಎಂಬುದಕ್ಕೂ ಇರುವ ಭೇದದಂತೆ. ಇಂಗ್ಲಿಷಿನ ಸೋದರ ಜರ್ಮಾನಿಕ್ ನುಡಿಗಳಲ್ಲಿ ಈ ಭೇದ ಹೀಗೆ ಕಾಣದಿದ್ದು ವೆಲ್ಷಿನಲ್ಲಿ ಕಾಣುವುದರಿಂದ, ಇದು ಬ್ರಿಟನ್ ನೆಲದಲ್ಲಿಯೇ ಆದ ಕೊಡುಕೊಳೆಯಾಗಿರಬೇಕೆಂಬುದು ಅವರ ಊಹೆ. ಎರವಲು ಪದಗಳು ಬೆರಳೆಣಿಕೆಯಷ್ಟಿದ್ದ ಮಾತ್ರಕ್ಕೆ ಸಂಪರ್ಕವೇ ಇರಲಿಲ್ಲವೆಂದು ತೀರ್ಮಾನಿಸುವವರಿಗೆ ಈ ಊಹೆ ಇಂದಿಗೂ ಒಂದು ಎಚ್ಚರಿಕೆ.

ಕೇಂಬ್ರಿಜ್‌ನಲ್ಲಿ ನಡೆದ ಕಥೆ ಬೇರೆ, ಮತ್ತು ಅದರ ಪರಿಣಾಮ ಮೈಸೂರಿನವರೆಗೂ ಮುಟ್ಟಿತು. 1912ರಿಂದ 1941ರವರೆಗೆ ಅಲ್ಲಿ ಆಂಗ್ಲೋ-ಸ್ಯಾಕ್ಸನ್ ಪ್ರಾಧ್ಯಾಪಕರಾಗಿದ್ದ ಹೆಕ್ಟರ್ ಮನ್ರೋ ಚಾಡ್ವಿಕ್, ಒಂದು ಜನದ ಹಳೆಯ ನುಡಿಯನ್ನು ಅವರ ಚರಿತ್ರೆ, ಕಾನೂನು, ಗೋರಿ, ಆಯುಧ, ದೇವತೆಗಳೊಡನೆ ಸೇರಿಸಿಯೇ ಓದಬೇಕು ಎಂಬ ಮತದವರಾಗಿದ್ದರು; ಮನಸ್ಸಿಲ್ಲದ ವಿದ್ಯಾರ್ಥಿಗಳ ಮೇಲೆ ಹಳೆಯ ವ್ಯಾಕರಣವನ್ನು ಹೇರುವುದು ಅವರಿಗೆ ಹಿಡಿಸುತ್ತಿರಲಿಲ್ಲ. 1917ರಲ್ಲಿ ಅಲ್ಲಿ ಇಂಗ್ಲಿಷ್ ಪದವಿ ಸ್ವತಂತ್ರವಾಗಿ ರೂಪುಗೊಂಡಾಗ ಹಳೆಯ ಇಂಗ್ಲಿಷ್ ಕಡ್ಡಾಯವಾಗದಿರಲು ಅವರ ಬೆಂಬಲವೂ ಕಾರಣವಾಯಿತು, ಮುಂದಿನ ದಶಕದ ಕೊನೆಯ ಹೊತ್ತಿಗೆ ಅವರ ವಿಭಾಗ ಪುರಾತತ್ತ್ವ ಮತ್ತು ಮಾನವಶಾಸ್ತ್ರದ ನಿಕಾಯಕ್ಕೆ ಸೇರಿಹೋಯಿತು. ಇಂಗ್ಲಿಷ್ ವಿಭಾಗದಲ್ಲಿ ಉಳಿದದ್ದು ಐ.ಎ. ರಿಚರ್ಡ್ಸ್ ಮತ್ತು ಎಫ್.ಆರ್. ಲೀವಿಸ್ ಅವರ ದಾರಿ, ಅಂದರೆ ಕೃತಿಯನ್ನು ಅದರ ಮಾತುಗಳಲ್ಲಿಯೇ ನಿಕಟವಾಗಿ ಓದುವ ಕ್ರಮ. ಲೀವಿಸರಲ್ಲಿ ಓದಿ ಬಂದ ಸಿ.ಡಿ. ನರಸಿಂಹಯ್ಯನವರ ಮೂಲಕ ಆ ಕ್ರಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೇರುಬಿಟ್ಟು, ಕನ್ನಡ ವಿಮರ್ಶೆಗೂ ಹೊಸ ಕಸುವು ತಂದದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ಕರ್ನಾಟಕಕ್ಕೆ ಬಂದದ್ದು ಕೇಂಬ್ರಿಜಿನ ಅರ್ಧವೇ. ಇನ್ನೊಂದು ಅರ್ಧದಲ್ಲಿ ಚಾಡ್ವಿಕ್ ಮತ್ತು ಅವರ ಪತ್ನಿ ನೋರಾ ಚಾಡ್ವಿಕ್ 1932ರಿಂದ 1940ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ 'ಸಾಹಿತ್ಯದ ಬೆಳವಣಿಗೆ' ಎಂಬ ಗ್ರಂಥದಲ್ಲಿ ಐರಿಷ್, ವೆಲ್ಷ್, ಹಳೆಯ ಇಂಗ್ಲಿಷ್ ಕಾವ್ಯಗಳಿಗೆ ಮಾತ್ರವಲ್ಲದೆ ಮಹಾಭಾರತವೂ ಸೇರಿದ ಪ್ರಾಚೀನ ಭಾರತೀಯ ಸಾಹಿತ್ಯಕ್ಕೂ ಜಾಗವಿತ್ತು. ಚಾಡ್ವಿಕ್ಕರ ವಿಭಾಗ 1967ರಲ್ಲಿ ಇಂಗ್ಲಿಷ್ ನಿಕಾಯಕ್ಕೆ ಮರಳಿ, ಇಂದು ಆಂಗ್ಲೋ-ಸ್ಯಾಕ್ಸನ್, ನಾರ್ಸ್ ಮತ್ತು ಕೆಲ್ಟಿಕ್ ವಿಭಾಗವೆಂಬ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿನ ವಿದ್ಯಾರ್ಥಿಗಳು ಹಳೆಯ ಇಂಗ್ಲಿಷ್, ಹಳೆಯ ನಾರ್ಸ್, ಮಧ್ಯಯುಗದ ವೆಲ್ಷ್ ಮತ್ತು ಐರಿಷ್, ಲ್ಯಾಟಿನ್ ಇವುಗಳಲ್ಲಿ ಆಯ್ದವನ್ನು, ಆ ಜನಗಳ ಚರಿತ್ರೆ ಮತ್ತು ಲಿಪಿಶಾಸ್ತ್ರದೊಡನೆ ಓದುತ್ತಾರೆ. ಅಧ್ಯಯನದ ಘಟಕ ಇಲ್ಲಿ ಒಂದು ಭಾಷೆಯ ವಂಶಾವಳಿಯಲ್ಲ, ಒಂದು ಕಾಲದ ಒಂದು ದ್ವೀಪಸಮೂಹ.

ಈ ವಿದ್ಯೆಯಲ್ಲಿ ಭಾರತದ ಪಾತ್ರ ಹೊರಗಿನ ಹೋಲಿಕೆಗಷ್ಟೇ ಸೀಮಿತವಲ್ಲ. ವೆಲ್ಷ್ ಮೂಲದ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳ ನಂಟನ್ನು ಸಾರಿದಾಗ ಗಾಥಿಕ್ ಮತ್ತು ಕೆಲ್ಟಿಕ್ ನುಡಿಗಳೂ ಅದೇ ಮೂಲದವಿರಬೇಕೆಂದು ಸೇರಿಸಿದ್ದ. ಐರಿಷ್ ವಿದ್ವಾಂಸ ವಿಟ್ಲಿ ಸ್ಟೋಕ್ಸ್ 1862ರಿಂದ 20 ವರ್ಷ ಭಾರತದಲ್ಲಿ ಕಾನೂನುಗಳ ಕರಡು ತಿದ್ದುವ ಅಧಿಕಾರಿಯಾಗಿದ್ದುಕೊಂಡು, ಬಿಡುವಿನಲ್ಲಿ ಹಳೆಯ ಐರಿಷ್ ಗ್ರಂಥಗಳನ್ನು ಸಂಪಾದಿಸುತ್ತಿದ್ದರು. ಸಂತ ಪ್ಯಾಟ್ರಿಕ್, ಬ್ರಿಜಿಟ್ ಮತ್ತು ಕೊಲಂಬರನ್ನು ಕುರಿತ ಮೂರು ಐರಿಷ್ ಧರ್ಮೋಪದೇಶಗಳನ್ನು ಅವರು 1877ರಲ್ಲಿ ಅಚ್ಚು ಹಾಕಿಸಿದ್ದು ಕಲ್ಕತ್ತೆಯಲ್ಲಿ. ಹಳೆಯ ಐರಿಷ್ ಕಾನೂನಿನ ಪ್ರಕಾರ, ಬಲಿಷ್ಠನಾದ ಸಾಲಗಾರನಿಂದ ಬಾಕಿ ಬರಬೇಕಾಗಿದ್ದರೆ ಅವನ ಮನೆಯ ಬಾಗಿಲಲ್ಲಿ ಉಪವಾಸ ಕೂರಬೇಕಾಗಿತ್ತು, ಉಪವಾಸ ಕೂತವನನ್ನು ಕಡೆಗಣಿಸಿದವನು ಮಾನ ಕಳೆದುಕೊಳ್ಳುತ್ತಿದ್ದ. ಇದನ್ನು ಭಾರತದ 'ಧರಣಾ'ದೊಡನೆ ಹೆನ್ರಿ ಮೇನ್ 1875ರಲ್ಲಿಯೇ ಹೋಲಿಸಿ ಬರೆದಿದ್ದಾರೆ. ಕಚೇರಿಗಳ ಮುಂದೆ ಇಂದಿಗೂ ಧರಣಿ ಕೂರುವ ನಾಡಿನ ವಿದ್ಯಾರ್ಥಿ ಆ ಐರಿಷ್ ಕಾನೂನಿನ ಪುಟವನ್ನು ಓದುವಾಗ ಅವನಿಗೆ ದೊರೆಯುವ ಒಳನೋಟ ಲಂಡನ್ನಿನ ವಿದ್ಯಾರ್ಥಿಗೆ ಅಷ್ಟು ಸಲೀಸಾಗಿ ದೊರೆಯುವುದಿಲ್ಲ.

ಇಂತಹ ಅಧ್ಯಯನಕ್ಕೆ ಬೇಕಾದ ಭಾಷೆಗಳ ಭಾರ ಹೆಚ್ಚೆಂಬ ಆಕ್ಷೇಪ ನಿಜವೇ. ಮೂರು ವರ್ಷಗಳ ಪದವಿಯಲ್ಲಿ ಚಾಸರನಿಂದ ಎಲಿಯಟ್‌ವರೆಗೆ ಓದುವುದೇ ಕಷ್ಟವಾಗಿರುವಾಗ ಹಳೆಯ ಐರಿಷಿನ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವವರು ಯಾರು? ಇದಕ್ಕೆ ಕವಿ ಷೇಮಸ್ ಹೀನಿಯ ಅನುಭವದಲ್ಲಿ ಒಂದು ಉತ್ತರವಿದೆ. ಉತ್ತರ ಐರ್ಲೆಂಡಿನ ಕ್ಯಾಥೊಲಿಕ್ ರೈತ ಮನೆತನದ ಹೀನಿ, 3182 ಸಾಲುಗಳ 'ಬೇವುಲ್ಫ್' ಕಾವ್ಯವನ್ನು ಅನುವಾದಿಸಿ 1999ರಲ್ಲಿ ಪ್ರಕಟಿಸಿದಾಗ ಮುನ್ನುಡಿಯಲ್ಲಿ ಒಂದು ಪದದ ಕಥೆ ಹೇಳುತ್ತಾನೆ: ಹಳೆಯ ಇಂಗ್ಲಿಷಿನಲ್ಲಿ 'ಸಹಿಸು' ಎಂಬ ಅರ್ಥದ, ಓದಲು ವಿಚಿತ್ರವಾಗಿ ಕಂಡ ಧಾತುವೊಂದು, ಅವನ ಮನೆತನದ ಹಿರಿಯ ಹೆಂಗಸೊಬ್ಬರು ಅನಿರೀಕ್ಷಿತ ಸಾವು ಕಂಡ ಮನೆಯವರನ್ನು ಕುರಿತು ಇನ್ನು ಅವರು ತಾಳಿಕೊಳ್ಳುವುದನ್ನು ಕಲಿಯಬೇಕು ಎಂದು ಆಡುತ್ತಿದ್ದ ಮಾತೇ ಆಗಿತ್ತು. ತನ್ನದಲ್ಲವೆಂದುಕೊಂಡಿದ್ದ ಕಾವ್ಯದೊಳಗೆ ತನ್ನ ಮನೆಯ ಮಾತು ಸಿಕ್ಕಿದ ಆ ಕ್ಷಣದಿಂದ ಐರಿಷ್ ಮತ್ತು ಇಂಗ್ಲಿಷ್ ಅವನಿಗೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಬೇಕಾದ ಎರಡು ಪಕ್ಷಗಳಾಗಿ ಉಳಿಯಲಿಲ್ಲ. ಐದು ನುಡಿಗಳಲ್ಲಿ ಪಾಂಡಿತ್ಯ ಗಳಿಸುವುದು ಎಲ್ಲರ ಪಾಲಿಗಲ್ಲ, ಆದರೆ ಇನ್ನೊಂದು ನುಡಿಯ ಒಂದು ಕಾವ್ಯವನ್ನು ಕೋಶ ಹಿಡಿದು ಮೂಲದಲ್ಲಿ ಓದುವುದು ಪದವಿಯ ವಿದ್ಯಾರ್ಥಿಗೂ ಸಾಧ್ಯ. ಪಂಪನ ಒಂದು ಆಶ್ವಾಸವನ್ನು ಅನ್ವಯ ಮಾಡಿಕೊಂಡು ಓದುವ ಶ್ರಮಕ್ಕಿಂತ ಅದು ಹೆಚ್ಚಿನದೇನಲ್ಲ.

ಪಂಪನ ವಂಶದ ವಿವರಗಳನ್ನು ಗಟ್ಟಿಗೊಳಿಸುವ ಶಾಸನವಿರುವುದು ಕರ್ನಾಟಕದಲ್ಲಲ್ಲ, ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ. ಅವನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಬರೆಸಿದ ಆ ಶಾಸನ ಸಂಸ್ಕೃತ, ಕನ್ನಡ ಮತ್ತು ತೆಲುಗು ಈ ಮೂರು ನುಡಿಗಳಲ್ಲಿದೆ, ತೆಲುಗಿನ ಅತಿ ಹಳೆಯ ಕಂದಪದ್ಯಗಳಲ್ಲಿ ಕೆಲವು ಅಲ್ಲಿಯೇ ಇವೆ. ಇಂಗ್ಲಿಷಿನ ಹಳೆಯ ಕಾವ್ಯದ ಸಾಲುಗಳು ಸ್ಕಾಟ್ಲೆಂಡಿನ ಹಳ್ಳಿಯಲ್ಲಿರುವಂತೆಯೇ ಕನ್ನಡದ ಆದಿಕವಿಯ ಮನೆತನದ ದಾಖಲೆ ತೆಲುಗು ನೆಲದಲ್ಲಿದೆ. ಆ ಬಂಡೆಯ ಮುಂದೆ ಕನ್ನಡ ಎಂ.ಎ. ಓದಿದವನು ಕನ್ನಡ ಸಾಲುಗಳನ್ನು ಓದಿ ಕಂದಗಳ ಬಳಿ ನಿಲ್ಲುತ್ತಾನೆ, ತೆಲುಗು ಎಂ.ಎ. ಓದಿದವನು ಕಂದಗಳಿಂದ ಆರಂಭಿಸಿ ಕನ್ನಡದ ಬಳಿ ನಿಲ್ಲುತ್ತಾನೆ. ಜಿನವಲ್ಲಭನಾದರೋ ಮೂರನ್ನೂ ಒಂದೇ ಬಂಡೆಯ ಮೇಲೆ, ಒಂದೇ ಉಸಿರಿನಲ್ಲಿ ಬರೆಸಿದ್ದಾನೆ.